ತೆಶುವಾ: ಯೆಹೂದ್ಯ ಪರಂಪರೆಯಲ್ಲಿ ತಪ್ಪು ಮತ್ತು ಮರಳುವಿಕೆ

ಒಂದು ಧರ್ಮದ ತಿರುಳಾದ ಪದವನ್ನು ಇನ್ನೊಂದು ಭಾಷೆಗೆ ತರುವಾಗ ಮೊದಲು ಕೈಗೆ ಸಿಕ್ಕಿದ ಪದವನ್ನೇ ಎತ್ತಿಕೊಳ್ಳುವುದು ಭಾಷಾಂತರಕಾರರ ಹಳೆಯ ಅಭ್ಯಾಸ. ಯೆಹೂದ್ಯರ ‘ತೆಶುವಾ’ ಎಂಬ ಪದಕ್ಕೆ ಕನ್ನಡದಲ್ಲಿ ‘ಪಶ್ಚಾತ್ತಾಪ’ ಎಂದು ಬರೆದುಬಿಡುವುದೂ ಹೀಗೆಯೇ. ‘ಪಶ್ಚಾತ್’ ಎಂದರೆ ಬಳಿಕ, ‘ತಾಪ’ ಎಂದರೆ ಬೇಗೆ. ಕೆಲಸ ಕೆಟ್ಟ ಮೇಲೆ ಒಳಗೆ ಉರಿಯುವ ಬೇಗೆ. ‘ಪ್ರಾಯಶ್ಚಿತ್ತ’ವಾದರೋ ದೋಷವನ್ನು ಕಳೆಯಲು ಕೈಗೊಳ್ಳುವ ವಿಧಿ. ಕನ್ನಡದ ಕ್ರೈಸ್ತ ಬರವಣಿಗೆಯಲ್ಲಿ ಕಾಣುವ ‘ಮಾನಸಾಂತರ’ವು ಗ್ರೀಕಿನ ‘ಮೆತಾನೊಯಾ’ಕ್ಕೆ ಹತ್ತಿರವಾದದ್ದು, ಅದು ಮನಸ್ಸಿನ ಬದಲಾವಣೆ. ಮೂರೂ ಒಳ್ಳೆಯ ಪದಗಳೇ. ಆದರೆ ತೆಶುವಾ ಹುಟ್ಟಿದ ಹೀಬ್ರೂ ಧಾತುವಿನಲ್ಲಿ ಬೇಗೆಯಾಗಲಿ ವಿಧಿಯಾಗಲಿ ಕಾಣುವುದಿಲ್ಲ, ಕಾಣುವುದು ನಡಿಗೆ. ‘ಶೂವ್’ ಎಂದರೆ ತಿರುಗು, ಹಿಂದಿರುಗು. ಮನೆಗೆ ಮರಳುವವನೂ ಸೆರೆಯಿಂದ ನಾಡಿಗೆ ಮರಳುವ ಜನರೂ ಬೈಬಲ್ಲಿನಲ್ಲಿ ಇದೇ ಕ್ರಿಯಾಪದದ ಮೇಲೆ ನಡೆದು ಬರುತ್ತಾರೆ.

ತಿರುಗಿ ಬರಬೇಕಾದರೆ ಮೊದಲು ದಾರಿ ತಪ್ಪಿರಬೇಕಷ್ಟೆ. ಪಾಪಕ್ಕೆ ಹೀಬ್ರೂವಿನಲ್ಲಿರುವ ಪದಗಳಲ್ಲಿ ಒಂದು ‘ಹೇತ್’. ನ್ಯಾಯಸ್ಥಾಪಕರು ಎಂಬ ಗ್ರಂಥದಲ್ಲಿ ಕೂದಲೆಳೆಗೂ ಗುರಿಯಿಟ್ಟು ಕವಣೆ ಬೀಸಬಲ್ಲ 700 ಮಂದಿ ಎಡಗೈ ಯೋಧರ ಮಾತು ಬರುತ್ತದೆ. ಅವರ ಗುರಿ ತಪ್ಪುತ್ತಿರಲಿಲ್ಲ ಎನ್ನುವಲ್ಲಿ ಬಳಕೆಯಾಗಿರುವುದು ಇದೇ ಧಾತು. ಕನ್ನಡದ ವಿದ್ಯಾರ್ಥಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ‘ಗುರಿ ತಪ್ಪಿತು’, ‘ದಾರಿ ತಪ್ಪಿದನು’ ಎಂಬಲ್ಲಿ ಕ್ರಿಯಾಪದವಾಗಿರುವ ‘ತಪ್ಪು’ ನಾಮಪದವಾದಾಗ ಅಪರಾಧವಾಗುತ್ತದೆ. ಕಾಸರಗೋಡಿನಲ್ಲಿ ನಮ್ಮ ಕಿವಿಗೆ ದಿನವೂ ಬೀಳುವ ಮಲಯಾಳದ ‘ವೞಿ ತೆಟ್ಟಿ’ ಎಂಬ ಮಾತೂ ಇದೇ ಜಾಡಿನದು. (ಹಳಗನ್ನಡದ ೞಕಾರ ಅಲ್ಲಿ ಇನ್ನೂ ಬದುಕಿರುವುದನ್ನು ಹಾದಿಯಲ್ಲೇ ಗಮನಿಸಬಹುದು.) ಪಾಪವೆಂಬ ಸಂಸ್ಕೃತ ಪದಕ್ಕಿಂತ ನಮ್ಮ ‘ತಪ್ಪು’ ಹೇತ್‌ಗೆ ಹತ್ತಿರವೆಂದು ನನ್ನ ಅಭಿಪ್ರಾಯ.

ಪ್ರವಾದಿ ಯೆರೆಮೀಯನು ಈ ಧಾತುವಿನೊಂದಿಗೆ ಆಡುವ ಆಟ ಇನ್ನೂ ಸ್ವಾರಸ್ಯಕರ. ದೇವರಿಗೆ ಬೆನ್ನು ಮಾಡಿ ಹೋಗುವುದಕ್ಕೂ ಅವನ ಕಡೆಗೆ ಮುಖ ಮಾಡಿ ಬರುವುದಕ್ಕೂ ಆತನು ‘ಶೂವ್’ ಎಂಬ ಒಂದೇ ಮೂಲವನ್ನು ದುಡಿಸುತ್ತಾನೆ. ‘ತಿರುಗಿಬೀಳು’, ‘ತಿರುಗಿ ಬಾ’ ಎಂಬೆರಡನ್ನೂ ಒಂದೇ ‘ತಿರುಗು’ವಿನಿಂದ ಕಟ್ಟಿಕೊಂಡಿರುವ ಕನ್ನಡಕ್ಕೆ ಈ ಆಟ ಸುಲಭವಾಗಿ ಒಗ್ಗುತ್ತದೆ.

ಮರಳುವಿಕೆ ನಡಿಗೆಯಾದರೆ ಅದಕ್ಕೆ ಹೆಜ್ಜೆಗಳೂ ಇರಬೇಕು. ಯೆರೂಸಲೇಮಿನ ದೇವಾಲಯದಲ್ಲಿ ಬಲಿಯರ್ಪಣೆ ನಡೆಯುತ್ತಿದ್ದ ಕಾಲದ ನಿಯಮವನ್ನೇ ನೋಡಿ. ಮೋಸದಿಂದ ಇನ್ನೊಬ್ಬನ ಸೊತ್ತನ್ನು ಪಡೆದವನು ಅದನ್ನು ಹಿಂದಕ್ಕೆ ಕೊಟ್ಟು, ಅದರ ಮೇಲೆ ಐದರಲ್ಲೊಂದು ಪಾಲನ್ನು ಸೇರಿಸಿ ಕೊಡಬೇಕೆಂದು ಯಾಜಕಕಾಂಡ ವಿಧಿಸುತ್ತದೆ. ಬಲಿಯ ಮಾತು ಆಮೇಲೆ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದರು. ಬಲಿಪೀಠ ಹೋಯಿತು, ಹೆಜ್ಜೆಗಳು ಉಳಿದವು. ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಮಿಶ್ನಾ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು: ಮನುಷ್ಯನಿಗೂ ದೇವರಿಗೂ ನಡುವಿನ ತಪ್ಪನ್ನು ಯೋಮ್ ಕಿಪ್ಪುರ್ ಎಂಬ ಉಪವಾಸದ ದಿನ ಕಳೆಯಬಲ್ಲುದು, ಮನುಷ್ಯರ ನಡುವಿನ ತಪ್ಪನ್ನು, ನೊಂದವನನ್ನು ಒಲಿಸಿಕೊಳ್ಳುವವರೆಗೆ, ಆ ದಿನವೂ ಕಳೆಯಲಾರದು. ನಮ್ಮ ಕಡೆಯ ದೈವಸ್ಥಾನಗಳಲ್ಲಿ ‘ತಪ್ಪುಕಾಣಿಕೆ’ ಹಾಕುವ ರೂಢಿಯನ್ನು ಬಲ್ಲವರು ಇಲ್ಲಿನ ವ್ಯತ್ಯಾಸವನ್ನು ಕೂಡಲೇ ಗುರುತಿಸುವರು. ನೆರೆಯವನಿಗೆ ಸಲ್ಲಬೇಕಾದುದನ್ನು ದೇವರ ಡಬ್ಬಿಗೆ ಹಾಕಿ ತೀರಿಸಿಕೊಳ್ಳಲು ಮಿಶ್ನಾ ಬಿಡುವುದಿಲ್ಲ.

ಹಾಗಾದರೆ ಹಿಂದಕ್ಕೆ ಕೊಡುವುದು ಎಲ್ಲಿಯವರೆಗೆ? ತಾಲ್ಮುದ್ ಕದ್ದ ತೊಲೆಯೊಂದರ ಪ್ರಶ್ನೆಯನ್ನೆತ್ತುತ್ತದೆ. ಒಬ್ಬನು ತೊಲೆಯನ್ನು ಕದ್ದು ಅದನ್ನಿಟ್ಟು ಮನೆ ಕಟ್ಟಿದ್ದಾನೆ. ಈಗ ಅವನಿಗೆ ಮರಳುವ ಮನಸ್ಸಾಗಿದೆ. ಶಮ್ಮಾಯನ ಪಂಥದವರು, ಇಡೀ ಕಟ್ಟಡವನ್ನು ಕೆಡವಿ ತೊಲೆಯನ್ನೇ ಒಡೆಯನಿಗೆ ಒಪ್ಪಿಸಬೇಕೆಂದರು. ಹಿಲ್ಲೆಲನ ಪಂಥದವರು, ತೊಲೆಯ ಬೆಲೆಯನ್ನು ಕೊಟ್ಟರೆ ಸಾಕೆಂದರು. ನ್ಯಾಯದ ತೂಕ ಮೊದಲಿನವರ ಕಡೆಗೇ ಇದೆಯೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಊರ್ಜಿತವಾದುದು ಎರಡನೆಯ ಮಾತು. ಅದಕ್ಕೆ ಕೊಟ್ಟ ಕಾರಣ ‘ಮರಳುವವರ ಸಲುವಾಗಿ’ ಎಂಬುದು. ಮನೆ ಕೆಡವಬೇಕೆಂದರೆ ಕಳ್ಳನು ತಪ್ಪೊಪ್ಪಿಕೊಳ್ಳಲು ಬರುವುದೇ ಇಲ್ಲ. ಒಡೆಯನಿಗೆ ತೊಲೆಯೂ ಇಲ್ಲ, ಬೆಲೆಯೂ ಇಲ್ಲ. ಮರಳುವವನಿಗಾಗಿ ಕಾನೂನೇ ತುಸು ಬಾಗಿ ಬಾಗಿಲು ತೆರೆದುಕೊಂಡ ಈ ಸಂದರ್ಭ ಯಾವ ಉಪದೇಶಕ್ಕಿಂತಲೂ ತೆಶುವಾದ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತದೆ. ಹಾಗೆ ಬಂದವನಿಗೆ ಅವನ ಹಿಂದಿನ ನಡತೆಯನ್ನು ನೆನಪಿಸಿ ಚುಚ್ಚುವುದನ್ನೂ ಮಿಶ್ನಾ ನಿಷೇಧಿಸಿದೆ. ಇನ್ನೊಂದು ಕಡೆ, ‘ಪಾಪ ಮಾಡುವೆ, ಆಮೇಲೆ ಮರಳುವೆ’ ಎಂದು ಲೆಕ್ಕ ಹಾಕುವವನಿಗೆ ಮರಳುವ ಅವಕಾಶವೇ ಒದಗದೆಂದೂ ಹೇಳಿದೆ.

ಇವೆಲ್ಲವನ್ನೂ ಶಾಸ್ತ್ರವಾಗಿ ಜೋಡಿಸಿದವನು ಸ್ಪೇನಿನ ಕೊರ್ದೋವಾದಲ್ಲಿ ಹುಟ್ಟಿ 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ ಮೈಮೋನಿಡೀಸ್. ಅವನ ‘ಮಿಶ್ನೆ ತೋರಾ’ದ ಒಂದು ಭಾಗವೇ ತೆಶುವಾಕ್ಕೆ ಮೀಸಲು. ತಪ್ಪನ್ನು ಬಿಡುವುದು, ಇನ್ನು ಮಾಡೆನೆಂದು ನಿಶ್ಚಯಿಸುವುದು, ಕಳೆದುದಕ್ಕೆ ಮರುಗುವುದು, ಬಾಯಿಬಿಟ್ಟು ಒಪ್ಪಿಕೊಳ್ಳುವುದು ಎಂಬ ಕ್ರಮ ಅವನದು. ಮರುಕ ಇದೆ, ಆದರೆ ಬಿಡುವುದರ ಹಿಂದೆ ಬರುತ್ತದೆ. ನೊಂದವನು ಕ್ಷಮಿಸದಿದ್ದರೆ ಮೂವರು ಸ್ನೇಹಿತರನ್ನು ಕರೆದುಕೊಂಡು ಹೋಗಿ ಕೇಳಬೇಕು. ಹೀಗೆ ಮೂರು ಸಲ. ಆಗಲೂ ಒಲ್ಲೆನೆಂದರೆ ತಪ್ಪು ಆ ಒಲ್ಲದವನದಾಗುತ್ತದೆ. ನೊಂದವನು ಸತ್ತಿದ್ದರೆ ಹತ್ತು ಮಂದಿಯನ್ನು ಅವನ ಸಮಾಧಿಯ ಬಳಿಗೆ ಕರೆದೊಯ್ದು ಅವರೆದುರು ಒಪ್ಪಿಕೊಳ್ಳಬೇಕು. ಕೊಡಬೇಕಾದ ಹಣವನ್ನು ವಾರಸುದಾರರಿಗೆ ಕೊಡಬೇಕು.

ಪೂರ್ಣ ತೆಶುವಾ ಯಾವುದೆಂಬುದಕ್ಕೆ ಅವನು ಕೊಡುವ ಒರೆಗಲ್ಲು ಕಠಿಣ: ಹಿಂದೆ ಎಡವಿದ ಅದೇ ಸಂದರ್ಭ ಮತ್ತೆ ಬಂದು, ಮಾಡುವ ಶಕ್ತಿಯೂ ಇದ್ದು, ಅಂಜಿಕೆಯಿಂದಲ್ಲದೆ ತಾನಾಗಿ ಮಾಡದಿರುವುದು. ಆದಿಕಾಂಡದ ಯೂದನ ಕಥೆಯನ್ನು ಈ ಒರೆಗಲ್ಲಿಗೆ ಉಜ್ಜಿ ನೋಡಬಹುದು. ತಂದೆಯ ಮುದ್ದಿನ ಮಗನಾದ ಯೋಸೇಫನನ್ನು ಮಾರೋಣವೆಂದು ಅಣ್ಣಂದಿರಿಗೆ ಸೂಚಿಸಿದವನು ಈ ಯೂದ. ಬಂದ ಬೆಲೆ 20 ಬೆಳ್ಳಿ ನಾಣ್ಯ. ಸುಮಾರು 22 ವರ್ಷಗಳ ಬಳಿಕ ಈಜಿಪ್ಟಿನಲ್ಲಿ, ಈಗ ತಂದೆಯ ಮುದ್ದಿನ ಮಗನಾಗಿರುವ ಬೆನ್ಯಾಮೀನನು ಕಳವಿನ ಆರೋಪದಲ್ಲಿ ಸಿಕ್ಕಿಬೀಳುತ್ತಾನೆ. ಅವನನ್ನು ಗುಲಾಮನಾಗಿ ಬಿಟ್ಟು ಮನೆಗೆ ಹೋಗುವಂತೆ ಅಧಿಕಾರಿ ಹೇಳುತ್ತಾನೆ. ಯೂದನು ಮುಂದೆ ಬಂದು, ತಮ್ಮನ ಬದಲಿಗೆ ತನ್ನನ್ನು ಇರಿಸಿಕೊಳ್ಳಬೇಕೆಂದು ಬೇಡುತ್ತಾನೆ. ಆ ಅಧಿಕಾರಿ ಯೋಸೇಫನೇ ಎಂಬುದು ಅವನಿಗೆ ತಿಳಿಯದು. ಕಥೆ ಯೂದನ ಒಳಗಿನ ಬೇಗೆಯನ್ನು ಬಣ್ಣಿಸುವುದಿಲ್ಲ. ಅವನು ಇಟ್ಟ ಒಂದು ಹೆಜ್ಜೆಯನ್ನು ಮಾತ್ರ ತೋರಿಸುತ್ತದೆ.

ಯೋಮ್ ಕಿಪ್ಪುರ್‌ನ ಅಪರಾಹ್ನ ಸಿನಗಾಗ್‌ಗಳಲ್ಲಿ ಓದುವುದು ಯೋನನ ಪುಸ್ತಕವನ್ನು. ನಿನೆವೆಯ ಜನರು ಗೋಣಿತಟ್ಟು ಉಟ್ಟು ಉಪವಾಸ ಮಾಡಿದರು. ಆದರೆ ದೇವರು ನೋಡಿದ್ದು ಗೋಣಿತಟ್ಟನ್ನಲ್ಲ, ಅವರು ಕೆಟ್ಟ ದಾರಿಯಿಂದ ತಿರುಗಿದುದನ್ನು ಎಂಬುದರ ಕಡೆಗೆ ಮಿಶ್ನಾ ಗಮನ ಸೆಳೆಯುತ್ತದೆ. ಊರು ಉಳಿಯಿತು; ಎಚ್ಚರಿಕೆ ಕೊಡಲು ಹೋಗಿದ್ದ ಪ್ರವಾದಿಗೆ ಮಾತ್ರ ಕೋಪ ಬಂತು. ಶತ್ರುನಗರ ಹೀಗೆ ಸುಲಭವಾಗಿ ಪಾರಾಗುವುದು ಅವನಿಗೆ ಸಹಿಸಲಿಲ್ಲ. 1,20,000ಕ್ಕೂ ಹೆಚ್ಚು ಜನರಿರುವ ಈ ಊರಿಗಾಗಿ ನಾನು ಕನಿಕರಪಡಬಾರದೇ ಎಂದು ದೇವರು ಅವನನ್ನು ಕೇಳುವಲ್ಲಿಗೆ ಪುಸ್ತಕ ನಿಲ್ಲುತ್ತದೆ. ತೆಶುವಾ ಎಂಬ ಪದಕ್ಕೆ ಹೀಬ್ರೂವಿನಲ್ಲಿ ‘ಉತ್ತರ’ ಎಂಬ ಅರ್ಥವೂ ಉಂಟು. ಯೋನನ ಉತ್ತರ ಆ ಪುಸ್ತಕದಲ್ಲಿಲ್ಲ.