ಮಂಡಿ ಬೋರ್ಡಿನ ಮೂರು ಅಂಕಿ: ಮಾರೋಕೆ ನೋಡಿ, ನಾಟಿಗೆ ನೋಡಬೇಡಿ

ತರಕಾರಿ ಬೆಳೆಯೋರಿಗೆ 2023ರ ಜುಲೈ ಮರೆಯೋಕಾಗಲ್ಲ. ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ನಮ್ಮ ವಾಟ್ಸಾಪ್ ಗ್ರೂಪಲ್ಲಿ ದಿನಾ ಬೆಳಗ್ಗೆ ರೇಟಿನ ಫೋಟೊ ಬರೋದು. ತೋಟಗಾರಿಕೆ ಡಿಗ್ರಿ ಓದಿ, ಬೆಲೆ ಏರಿಳಿತದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದ ನಾನೇ ಆ ಫೋಟೊ ನೋಡಿ, ಬೀನ್ಸ್‌ಗೆ ಅಂತ ಇಟ್ಟಿದ್ದ ಒಂದು ಎಕರೆಗೆ ಟೊಮೆಟೊ ಹಾಕಿದೆ. ನರ್ಸರಿಯಲ್ಲಿ ಸಸಿಗೆ ಕ್ಯೂ ನಿಂತಿದ್ದರು. ನಿಜವಾಗಿ ನಾನು ಓದಬೇಕಾಗಿದ್ದ ಬೋರ್ಡು ಆ ಕ್ಯೂ. ಓದಲಿಲ್ಲ, ನಾನೂ ಅದರಲ್ಲೇ ನಿಂತೆ.

ನಾಟಿಯಾದ ಮೇಲೆ ಮೊದಲ ಕೊಯ್ಲಿಗೆ 65–70 ದಿನ ಬೇಕು. ನನ್ನ ಹಣ್ಣು ಮಂಡಿಗೆ ಹೋಗಿದ್ದು ಅಕ್ಟೋಬರ್ ಮೊದಲ ವಾರ. ಬಾಕ್ಸ್‌ಗೆ 110 ರೂಪಾಯಿ ಸಿಕ್ಕಿತು. ಕೀಳೋ ಕೂಲಿ, ಬಾಡಿಗೆ ಕಳೆದರೆ ಉಳಿದಿದ್ದು ಹೇಳೋ ಹಾಗಿಲ್ಲ. ಎರಡನೇ ಕೊಯ್ಲು ಅರ್ಧ ಮಾತ್ರ ಮಾಡಿ ಬಿಟ್ಟೆ.

ಬೋರ್ಡು ಸುಳ್ಳು ಹೇಳಿತ್ತಾ? ಇಲ್ಲ. ಅದು ಹೇಳಿದ್ದು ಮೇ ತಿಂಗಳಲ್ಲಿ ನಾಟಿ ಮಾಡಿದವರ ಕಥೆ. ನಾನು ಅದನ್ನ ನನ್ನ ಅಕ್ಟೋಬರ್ ಕಥೆ ಅಂತ ಓದಿಕೊಂಡೆ. ಮಂಡಿ ದರ ನಿನ್ನೆ ಬಿತ್ತಿದ್ದರ ಫಲಿತಾಂಶ. ಅದನ್ನ ನೋಡಿ ಇವತ್ತು ಬಿತ್ತಿದರೆ, ನಿಮ್ಮ ಹಾಗೇ ನೋಡಿ ಬಿತ್ತಿದ ಇನ್ನೂ ಸಾವಿರ ಜನರ ಜೊತೆ ಒಂದೇ ದಿನ ಮಂಡಿಗೆ ಹೋಗ್ತೀರ.

ಕೇರಳದ ಒಂದು ಉದಾಹರಣೆ ಈ ವಿಷಯ ಚೆನ್ನಾಗಿ ಬಿಡಿಸಿ ಹೇಳುತ್ತೆ. 1997ರಿಂದೀಚೆಗೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಬಂತು. ಅದಕ್ಕೆ ಮುಂಚೆ ಬೂತಾಯಿ ಹಿಡಿದವರು ತಮ್ಮೂರ ದಡಕ್ಕೇ ಬರುತ್ತಿದ್ದರು. ಒಂದು ದಡದಲ್ಲಿ ಕೊಳ್ಳೋರಿಲ್ಲದೆ ಮೀನು ಎಸೆಯೋದು, ಪಕ್ಕದ ದಡದಲ್ಲಿ ಮೀನೇ ಇಲ್ಲ ಅನ್ನೋದು. ಮೊಬೈಲ್ ಬಂದ ಮೇಲೆ ದೋಣಿಯಿಂದಲೇ ಫೋನ್ ಮಾಡಿ, ದರ ಕೇಳಿ, ಯಾವ ದಡಕ್ಕೆ ಹೋಗಬೇಕು ಅಂತ ತೀರ್ಮಾನ ಮಾಡತೊಡಗಿದರು. ಎಸೆಯೋದು ಹೆಚ್ಚುಕಡಿಮೆ ನಿಂತೇ ಹೋಯಿತು, ದಡದಿಂದ ದಡಕ್ಕೆ ಇದ್ದ ದರದ ಅಂತರವೂ ಕಡಿಮೆಯಾಯಿತು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಇದನ್ನ ಲೆಕ್ಕ ಸಮೇತ ಬರೆದರು. ಗಮನಿಸಿ, ಮೀನುಗಾರ ದರ ಕೇಳಿದಾಗ ಮೀನು ಆಗಲೇ ದೋಣಿಯಲ್ಲಿತ್ತು. ಬದಲಾಯಿಸೋಕೆ ಬಾಕಿ ಇದ್ದದ್ದು ದಾರಿ ಒಂದೇ. ನಮಗೂ ಅಷ್ಟೇ: ಮಾಲು ಕೈಯಲ್ಲಿದ್ದಾಗ, ಯಾವತ್ತು ಕೀಳಬೇಕು, ಯಾವ ಮಂಡಿಗೆ ಹೋಗಬೇಕು ಅನ್ನೋದಕ್ಕೆ ಆ ದಿನದ ದರ ಚಿನ್ನ. ಮುಂದಿನ ಬೆಳೆಗೆ ಅದೇ ದರ ಬಲೆ.

ಈಗ ಬೋರ್ಡಿಗೆ ಬರೋಣ. ಕೃಷಿ ಮಾರಾಟ ವಾಹಿನಿಯಲ್ಲಾಗಲಿ ಅಗ್‌ಮಾರ್ಕ್‌ನೆಟ್‌ನಲ್ಲಾಗಲಿ ಮೂರು ಅಂಕಿ ಇರ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಉದಾಹರಣೆಗೆ ಕನಿಷ್ಠ 80, ಗರಿಷ್ಠ 420, ಮಾದರಿ 180 ಅಂದುಕೊಳ್ಳಿ. ಗ್ರೂಪಲ್ಲಿ ಓಡಾಡೋದು 420. ಆ ದರ ಇಡೀ ದಿನದಲ್ಲಿ ಒಂದೇ ಒಂದು ಲಾಟಿಗೆ ಸಿಕ್ಕಿರಬಹುದು. ಹೆಚ್ಚಿನ ಮಾಲು ಹೋಗಿದ್ದು 180ರ ಆಸುಪಾಸು. ನಿಮ್ಮ ಲೆಕ್ಕ ಯಾವಾಗಲೂ ಮಾದರಿ ದರದಿಂದ ಶುರುವಾಗಲಿ. ಜೊತೆಗೆ ಆವಕ ನೋಡಿ. ದರ ಏರ್ತಾ ಇದೆ, ಆವಕವೂ ದಿನದಿನಕ್ಕೆ ಏರ್ತಾ ಇದೆ ಅಂದರೆ ಆ ದರಕ್ಕೆ ಆಯಸ್ಸು ಕಡಿಮೆ.

ದೂರದ ಮಂಡಿಯಲ್ಲಿ ಮಾದರಿ 240 ಇದೆ ಅಂತ ಓಡೋ ಮುಂಚೆ 100 ಬಾಕ್ಸ್‌ಗೆ ಲೆಕ್ಕ ಹಾಕಿ. ಹೆಚ್ಚು ಸಿಗೋದು 6,000. ಹೆಚ್ಚುವರಿ ಬಾಡಿಗೆ 3,000. ದಾರಿಯಲ್ಲಿ 5 ಬಾಕ್ಸ್ ಜಜ್ಜಿ ಹೋದರೆ 1,200. ಉಳಿಯೋದು 1,800, ಜೊತೆಗೆ ಒಂದು ರಾತ್ರಿ ನಿದ್ದೆ ಇಲ್ಲ. ಹೋಗೋದು ಬಿಡೋದು ನಿಮಗೆ ಬಿಟ್ಟಿದ್ದು. ಲೆಕ್ಕ ಹಾಕದೆ ಮಾತ್ರ ಹೋಗಬೇಡಿ.

ಹಾಗಾದರೆ ಬಿತ್ತನೆಗೆ ನೋಡೋ ದರ ಯಾವುದೂ ಇಲ್ವಾ ಅಂತ ಕೇಳ್ತೀರಿ. ಇದೆ, ಆದರೆ ಕೆಲವೇ ಬೆಳೆಗೆ. ಬೆಂಬಲ ಬೆಲೆ ಮುಂಚಿತವಾಗಿ ಘೋಷಣೆ ಆಗುತ್ತೆ. 2025–26ಕ್ಕೆ ರಾಗಿಗೆ ಕ್ವಿಂಟಲ್‌ಗೆ 4,886 ರೂಪಾಯಿ, ಹಿಂದಿನ ವರ್ಷ 4,290 ಇತ್ತು. ಇದು ಮುಂದಕ್ಕೆ ನೋಡೋ ಬೋರ್ಡು. ಆದರೆ ಖರೀದಿ ಕೇಂದ್ರ ತೆರೆದು, ನಿಮ್ಮ ಫ್ರೂಟ್ಸ್ ಐಡಿಯಲ್ಲಿ ಬೆಳೆ ಸರಿಯಾಗಿ ದಾಖಲಾಗಿದ್ದರೆ ಮಾತ್ರ ಅದು ನಿಮ್ಮ ದರ. ಇಲ್ಲದಿದ್ದರೆ ಅದು ಪೇಪರಲ್ಲಿ ಓದಿದ ಅಂಕಿ ಅಷ್ಟೇ. ಟೊಮೆಟೊ, ಬೀನ್ಸ್, ಕೊತ್ತಂಬರಿಗೆ ಅದೂ ಇಲ್ಲ.

ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳೋದನ್ನ ನೋಡಿರ್ತೀರಿ. ಆ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ದರ ಗೊತ್ತಾಗಲ್ಲ. ನಿಯಂತ್ರಿತ ಮಾರುಕಟ್ಟೆ ಮಾಡಿದ್ದೇ ಆ ಟವೆಲ್ ತೆಗೆಯೋಕೆ: 1966ರ ಕಾಯ್ದೆ, 2014ರಲ್ಲಿ ಬಂದ ಏಕೀಕೃತ ಮಾರುಕಟ್ಟೆ ವೇದಿಕೆ, ಇ-ಟೆಂಡರ್ ಎಲ್ಲ ಅದೇ ದಾರಿ. ಇ-ಟೆಂಡರಲ್ಲಿ ವರ್ತಕರಿಗೆ ಒಬ್ಬರ ಬೆಲೆ ಇನ್ನೊಬ್ಬರಿಗೆ ಕಾಣಲ್ಲ, ಹಾಗಾಗಿ ಬೇಕಾದ ಮಾಲಿಗೆ ಧೈರ್ಯ ಮಾಡಿ ಬರೆಯಬೇಕಾಗುತ್ತೆ. ಬಂದ ದರ ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಬೇಡ ಅನ್ನೋ ಹಕ್ಕೂ ಇದೆ. ಒಣ ಮಾಲಿಗೆ ಈ ಹಕ್ಕು ನಿಜವಾಗಿ ಕೆಲಸಕ್ಕೆ ಬರುತ್ತೆ. ಟೊಮೆಟೊ ತಂದವನು ಬೇಡ ಅಂದು ಎಲ್ಲಿಗೆ ಒಯ್ಯೋದು?

ಇನ್ನೊಂದು ಥರದ ಬೋರ್ಡಿದೆ. ನಾನು ಹೋಗುತ್ತಿದ್ದ ಒಂದು ಮಾರುಕಟ್ಟೆಯ ಗೋಡೆ ಮೇಲೆ ಆಳೆತ್ತರ ಬರೆದಿತ್ತು: ರೈತರಿಂದ ಕಮಿಷನ್ ಪಡೆಯುವಂತಿಲ್ಲ. ಕಾನೂನೂ ಅದೇ, ದಲಾಲಿ ಕೊಡಬೇಕಾದವನು ಖರೀದಿದಾರ. ಅದೇ ಗೋಡೆಗೆ ಒರಗಿ ಕೂತಿದ್ದ ಮಂಡಿಯವರು ಬಿಳಿ ಚೀಟಿಯಲ್ಲಿ ನನಗೆ ನೂರಕ್ಕೆ 10 ಹಿಡಿದರು. ನಾನು ಬೋರ್ಡು ತೋರಿಸಿದೆ. ಅವರು ನಕ್ಕು, "ಅದು ಪೇಂಟ್ ಮಾಡಿದ್ದು ಸಾರ್" ಅಂದರು. ಮುಂಗಡ ತಗೊಂಡಿದ್ದ ಪಕ್ಕದ ರೈತರು ನನ್ನನ್ನೇ ಸುಮ್ಮನಿರು ಅಂತ ಕಣ್ಣು ಮಾಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮುಂದಿನ ಬೀಜಕ್ಕೂ ಸಾಲ ಕೊಡೋದು ಅದೇ ಮಂಡಿಯವರು.

ಆ ಬೋರ್ಡಿಗೆ ಬಲ ಬರೋದು ಕಾಗದದಿಂದ. ತೂಕದ ಚೀಟಿ, ಲೆಕ್ಕ ತಿರುವಳಿ ಪಟ್ಟಿ ಎರಡನ್ನೂ ಕೇಳಿ ತಗೊಳ್ಳಿ. ಬಿಳಿ ಚೀಟಿ ಕೊಟ್ಟರೆ ಅಲ್ಲೇ ಫೋಟೊ ತೆಗೆದು, ತಾರೀಕಿನ ಸಮೇತ ಸಮಿತಿಯ ಕಾರ್ಯದರ್ಶಿಗೆ ಲಿಖಿತ ದೂರು ಕೊಡಿ. ಒಬ್ಬರೇ ಹೋಗಬೇಡಿ. ನಾವು ಏಳು ಜನ ಒಟ್ಟಿಗೆ ಹೋದೆವು. ಹಿಡಿದಿದ್ದ ದುಡ್ಡು ವಾಪಸ್ ಬರಲಿಲ್ಲ, ಆದರೆ ಮುಂದಿನ ಸಲ ನಮ್ಮ ಏಳು ಜನರ ಚೀಟಿಯಲ್ಲಿ ಆ ಸಾಲು ಇರಲಿಲ್ಲ. ಎಂಟನೆಯವನ ಚೀಟಿಯಲ್ಲಿ ಇತ್ತು.

ಈ ವರ್ಷ ಗೋಡೆಗೆ ಹೊಸ ಪೇಂಟ್ ಹೊಡೆದಿದ್ದಾರೆ. ನಾನು ಅರ್ಧ ಎಕರೆ ಬೀನ್ಸ್, ಕಾಲು ಎಕರೆ ಟೊಮೆಟೊ, ಉಳಿದದ್ದಕ್ಕೆ ರಾಗಿ ಹಾಕಿದ್ದೀನಿ. ನರ್ಸರಿಗೆ ಫೋನ್ ಮಾಡಿ, ಟೊಮೆಟೊ ಸಸಿಗೆ ಎಷ್ಟು ಬುಕಿಂಗ್ ಇದೆ ಅಂತ ಕೇಳಿದ ಮೇಲೇ.