ಬತ್ತಲಗುಂಡಿನಿಂದ ಘಾಟಿ ಹತ್ತುವಾಗ: ಕರಿಕಲ್ಲು ನೋಡಹೊರಟವರಿಗೆ

ಕೊಡೈಕಾನಲ್‌ಗೆ ಹೊರಟವರು ಬತ್ತಲಗುಂಡಿನಲ್ಲಿ ಕಾಫಿ ಕುಡಿಯುವಷ್ಟು ಹೊತ್ತು ಮಾತ್ರ ನಿಲ್ಲುತ್ತಾರೆ. ಕಲ್ಲು ನೋಡುವ ಆಸೆಯಿದ್ದರೆ ಒಂದು ರಾತ್ರಿ ಇಲ್ಲೇ ತಂಗಿ, ಬೆಳಗಿನ ಆರು ಗಂಟೆಗೆಲ್ಲ ಘಾಟಿ ಹತ್ತಲು ಶುರುಮಾಡಿ. ಮೈಸೂರು–ತೂತ್ತುಕುಡಿ ರೈಲಿನವರು ದಿಂಡಿಗಲ್‌ನಲ್ಲಿ ಇಳಿದರೆ ಮುಂದೆ ಬಸ್ಸುಂಟು. ಸ್ವಂತ ವಾಹನದಲ್ಲಿ ಬರುವವರು ಇ-ಪಾಸ್ ಮೊದಲೇ ಮಾಡಿಸಿಕೊಳ್ಳಿ; 2024ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ಬಂದ ನಿಯಮವಿದು. ಅಕ್ಟೋಬರ್–ನವೆಂಬರ್ ಮಳೆಯಲ್ಲಿ ಘಾಟಿ ಬೇಡ. ಜನವರಿ, ಫೆಬ್ರವರಿ ಒಳ್ಳೆಯದು.

ಭೂತಗನ್ನಡಿ, ಸ್ಟೀಲ್ ಬಾಟಲಿಯಲ್ಲಿ ನೀರು, ಇವೆರಡು ಸಾಕು. ಸುತ್ತಿಗೆ ತರಬೇಡಿ.

ಪಳನಿ ಬೆಟ್ಟಸಾಲಿನ ಕಪ್ಪು ಬಂಡೆ ಕಂಡ ಕೂಡಲೇ ‘ಇದು ಲಾವಾ’ ಎನ್ನುವವರು ಬಹಳ. ನಾನೂ ಹಾಗೇ ಅಂದುಕೊಂಡಿದ್ದೆ. ಇದು ಬಸಾಲ್ಟ್ ಅಲ್ಲ, ಚಾರ್ನೊಕೈಟ್. ಬಸಾಲ್ಟ್ ಸುಮಾರು 1,100–1,200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೆಲದ ಮೇಲೆ ಹರಿದು ಬೇಗ ತಣಿಯುತ್ತದೆ. ಹರಳು ಬೆಳೆಯಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ, ಹಾಗಾಗಿ ಅದರ ಕಣಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಅನಿಲ ಹೊರಬಿದ್ದ ಗುಳ್ಳೆಗುಳಿಗಳೂ ಎಷ್ಟೋ ಕಡೆ ಉಳಿದಿರುತ್ತವೆ. ಚಾರ್ನೊಕೈಟ್ ಭೂಮಿಯ ಆಳದಲ್ಲಿ, 700 ಡಿಗ್ರಿ ಮೀರಿದ ಬಿಸಿಯಲ್ಲಿ, ಭಾರೀ ಒತ್ತಡದಲ್ಲಿ ಬೆಂದ ಕಲ್ಲು. ಇಲ್ಲಿ ಆ ಬೇಯುವಿಕೆ ನಡೆದದ್ದು ಸುಮಾರು 55 ಕೋಟಿ ವರ್ಷಗಳ ಹಿಂದೆ. ಮೇಲಿದ್ದ ನೆಲವೆಲ್ಲ ಸವೆದ ಮೇಲೆ ಈಗ ನಮ್ಮ ಕೈಗೆ ಸಿಕ್ಕಿದೆ. ಕಲ್ಕತ್ತೆಯಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್‌ನ ಗೋರಿಕಲ್ಲು ಮದ್ರಾಸಿನ ಕಡೆಯಿಂದ ಹೋದ ಇಂಥದೇ ಕಲ್ಲು. ಅವನ ಹೆಸರನ್ನೇ 1893ರಲ್ಲಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಈ ಶಿಲೆಗೆ ಇಟ್ಟರು.

ಗುರುತು ಹಿಡಿಯುವುದು ಹೀಗೆ: ಹೊಸದಾಗಿ ಒಡೆದ ಮುಖ ಹುಡುಕಿ, ನೀರು ಚಿಮುಕಿಸಿ. ಎಣ್ಣೆ ಸವರಿದಂಥ ಹಸಿರುಬೂದು ಹೊಳಪು ಕಂಡರೆ, ಅದರ ನಡುವೆ ಬೆಣಚಿನ ಕಣಗಳು, ಫೆಲ್ಡ್‌ಸ್ಪಾರಿನ ಚಪ್ಪಟೆ ಮುಖಗಳು ಮಿನುಗಿದರೆ ಚಾರ್ನೊಕೈಟ್. ಬಸಾಲ್ಟ್‌ನಲ್ಲಿ ಬೆಣಚು ಹೀಗೆ ಎದ್ದು ಕಾಣುವುದಿಲ್ಲ. ಬಿಸಿಲು ಮಳೆ ತಿಂದ ಹೊರಮೈ ನೋಡಿ ತೀರ್ಮಾನಿಸಬೇಡಿ, ಅದು ಕಲ್ಲಿನ ನಿಜವಾದ ಬಣ್ಣವನ್ನು ಮರೆಮಾಚುತ್ತದೆ.

ರಸ್ತೆ ತಿರುವಿನಲ್ಲಿ ಗಾಡಿ ನಿಲ್ಲಿಸುವುದು ಅಪಾಯ. ಡಂಡಂ ಪಾರೆಯ ನೋಟದ ಕಟ್ಟೆಯಲ್ಲೇ ಇಳಿಯಿರಿ. ಎದುರಿಗೆ 297 ಮೀಟರ್ ಧುಮುಕುವ ತಲೈಯಾರ್ ಜಲಪಾತ ಕಾಣುತ್ತದೆ. ಕೊಡೈಗೆ 8 ಕಿ.ಮೀ. ಮೊದಲು ಸಿಗುವ ಸಿಲ್ವರ್ ಕ್ಯಾಸ್ಕೇಡ್‌ನಲ್ಲಿ ಒದ್ದೆ ಬಂಡೆಯ ಬಣ್ಣ ಚೆನ್ನಾಗಿ ತೆರೆದುಕೊಳ್ಳುತ್ತದೆ, ಆದರೆ ಪಾಚಿ ಜಾರುತ್ತದೆ. ಪಿಲ್ಲರ್ ರಾಕ್ಸ್‌ಗೆ ಮಂಜು ಮುಸುಕುವ ಮೊದಲೇ ಹೋಗಿ. ಸುಮಾರು 122 ಮೀಟರ್ ಎತ್ತರದ ಆ ಮೂರು ಕಂಬಗಳನ್ನು ಕಂಡು ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪ ನೆನಪಾಗುವುದು ಸಹಜ. ಅಲ್ಲಿನವು ಲಾವಾ ತಣಿದು ಕುಗ್ಗುವಾಗ ಬಿರಿದ ಕೋನಕೋನದ ಕಂಬಗಳು. ಇಲ್ಲಿ ಬಂಡೆಯ ಸೀಳುಗಳಲ್ಲಿ ನೀರಿಳಿದು, ಸವೆದು, ಗಟ್ಟಿ ಭಾಗ ನಿಂತಿದೆ.

ಮರಳುವಾಗ ದಿಂಡಿಗಲ್ ಕೋಟೆಗೆ ಎರಡು ಗಂಟೆ ಇಟ್ಟುಕೊಳ್ಳಿ. 1755ರಲ್ಲಿ ಹೈದರ್ ಅಲಿ ಮೈಸೂರಿನ ಫೌಜುದಾರನಾಗಿ ಬಂದದ್ದು ಬಂಡೆಯ ಮೇಲಿನ ಈ ಕೋಟೆಗೇ. ಊರಿನ ಹೆಸರು ತಮಿಳಿನ ‘ತಿಂಡು’, ಅಂದರೆ ದಿಂಬಿನಂಥ ಕಲ್ಲು ಎಂಬುದರಿಂದ ಬಂತೆನ್ನುತ್ತಾರೆ. ನಮ್ಮ ದಿಂಡೂ ಅದೇ ಮಾತಲ್ಲವೇ. ಕಂಬಂ ಕಣಿವೆಯ ಕಾಪ್ಪಿಲಿಯರ್ ಸಮುದಾಯದ ಮನೆಗಳಲ್ಲಿ ಕನ್ನಡವನ್ನೇ ಆಡುವ ಈ ಸೀಮೆಯಲ್ಲಿ ಆ ಪದ ಕೇಳಿದರೆ ಪರವೂರು ಅನಿಸುವುದಿಲ್ಲ.

ನಿಜವಾದ ಬಸಾಲ್ಟ್‌ನ ದಿಂಬುಗಳು ಬೇಕೆಂದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು. ಐಮಂಗಲದ ಹತ್ತಿರ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ಒಂದರ ಮೇಲೊಂದು ದಿಂಬಿನಂತೆ ಉರುಳಿ ಅಲ್ಲೇ ಕಲ್ಲಾಗಿದೆ. 1976ರಲ್ಲಿ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಯಿತು. ಅಲ್ಲಿ ದಿಂಬಿನ ನಡುಭಾಗಕ್ಕಿಂತ ಅಂಚನ್ನು ನೋಡಿ, ತಣ್ಣೀರು ಮೊದಲು ತಗುಲಿದ್ದು ಅಲ್ಲಿಗೆ.