ಸಂಘದ ಪಾಠ: ಕೈ ಹಿಡಿದರೆ ಬಿಡಿಸಿಕೊಳ್ಳುವುದು ಹೇಗೆ?



ಶಿಡ್ಲಘಟ್ಟದ ರೇಷ್ಮೆ ಫಿಲೇಚರುಗಳಿಗೆ, ಗೌರಿಬಿದನೂರಿನ ಗಾರ್ಮೆಂಟ್ಸಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಹೇಳುವ ಪ್ರಕಾರ, ಕೈ ಹಿಡಿಯುವವನು ಹೆಚ್ಚಾಗಿ ಗುರುತಿನವನೇ. ಅದಕ್ಕೇ ಬಾಯಿ ಕಟ್ಟುತ್ತದೆ. ಈ ಸಲದ ಸಭೆಯಲ್ಲಿ ಇಬ್ಬಿಬ್ಬರು ನಿಂತು ಇದನ್ನು ಕಲಿಯೋಣ.

ಒಬ್ಬರು ಇನ್ನೊಬ್ಬರ ಮಣಿಕಟ್ಟು ಬಿಗಿಯಾಗಿ ಹಿಡಿಯಲಿ. ಸುಮ್ಮನೆ ಹಿಂದಕ್ಕೆ ಜಗ್ಗಬೇಡಿ. ಬಲಕ್ಕೆ ಬಲ ಅಂತ ಹೋದರೆ ನಾವು ಸೋಲ್ತೀವಿ. ಹಿಡಿತದಲ್ಲಿ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂದೇ ಇನ್ನೊಂದು ಕಡೆ. ಅವು ಕೂಡುವ ಸಂದಿಯೇ ಸಡಿಲು. ಒಂದು ಹೆಜ್ಜೆ ಅವನ ಕಡೆಗೇ ಇಟ್ಟು, ಮೊಣಕೈ ಮಡಚಿ, ಮಣಿಕಟ್ಟಿನ ಸಣ್ಣ ಅಂಚನ್ನು ಆ ಸಂದಿಗೆ ತಿರುಗಿಸಿ ತಟ್ಟನೆ ಎಳೆಯಿರಿ. "ಬಿಡು!" ಅಂತ ಕೂಗಲೇಬೇಕು. ಮೊದಲ ದಿನ ದನಿ ಬರೋದಿಲ್ಲ, ನಗು ಬರುತ್ತೆ. ಪರವಾಗಿಲ್ಲ, ಮತ್ತೆ ಕೂಗಿ.

ಹಿಂದಿನಿಂದ ತಬ್ಬಿದರೆ ಮಂಡಿ ಮಡಚಿ ಮೈಭಾರ ಕೆಳಗೆ ಬಿಡಿ, ಹಿಮ್ಮಡಿಯಿಂದ ಅವನ ಪಾದ ತುಳಿಯಿರಿ. ಬಿಡಿಸಿಕೊಂಡ ಮೇಲೆ ನಿಂತು ಹೊಡೆದಾಡುವುದು ಬೇಡ. ಜನ ಇರುವ ಕಡೆ ಓಡಿ. ಫಿಲೇಚರಿನಲ್ಲಾದರೆ ಬಿಸಿನೀರಿನಿಂದ ದೂರ.

"ಕೆಲಸ ಬಿಟ್ಟುಬಿಡು" ಅನ್ನುವ ತಾಯಂದಿರೇ, ತಪ್ಪು ಅವನದು, ಸಂಬಳ ಮಗಳದ್ದು ಯಾಕೆ ಹೋಗಬೇಕು? ಕೆಟ್ಟ ಉದ್ದೇಶದಿಂದ ಹೆಣ್ಣಿನ ಮೈಮೇಲೆ ಕೈ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಂ ಪ್ರಕಾರ 1ರಿಂದ 5 ವರ್ಷ ಜೈಲು. 2013ರ ಕಾಯಿದೆಯಂತೆ, 10ಕ್ಕಿಂತ ಕಡಿಮೆ ಕೆಲಸಗಾರರಿರುವ ಘಟಕದವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ 3 ತಿಂಗಳೊಳಗೆ ದೂರು ಕೊಡಬಹುದು. ತುರ್ತಿಗೆ 112, ಮಕ್ಕಳಿಗೆ 1098. ದೂರು ಬರೆಯೋಕೆ ಕಷ್ಟವಾದರೆ ಹೇಳಿ ಕಳಿಸಿ, ಚಿಕ್ಕಬಳ್ಳಾಪುರಕ್ಕೆ ಜೊತೆಗೆ ನಾವೂ ಬರುತ್ತೇವೆ.